ಕನ್ನಡಿ ಇಲ್ಲದ ಕ್ಯಾಮೆರಾ ಮಾರಿದ ಕತೆ: ಭದ್ರಾವತಿಯ ಬೋನಸ್‌ನಿಂದ ಮಂಡಗದ್ದೆಯ ಹಕ್ಕಿವರೆಗೆ

ಇವತ್ತಿನ ವಿಷಯ ಮಿರರ್‌ಲೆಸ್ ಕ್ಯಾಮೆರಾ. ಹೆಸರೇ ಒಂಥರಾ ವಿಚಿತ್ರ ನೋಡಿ. ಯಾವ ವಸ್ತುವನ್ನಾದರೂ ಅದರಲ್ಲಿ ಏನಿದೆ ಅಂತ ಹೇಳಿ ಮಾರ್ತಾರೆ. ಇದನ್ನ ಏನಿಲ್ಲ ಅಂತ ಹೇಳಿ ಮಾರ್ತಿದಾರೆ. ಫೋನಿನಲ್ಲೇ ಫೋಟೋ ತೆಗೆದು ಬೆಳೆದ ಹುಡುಗನಿಗೆ ಕ್ಯಾಮೆರಾ ಒಳಗೆ ಒಂದು ಕನ್ನಡಿ ಇತ್ತು ಅಂತಲೇ ಗೊತ್ತಿರಲ್ಲ. ಅದು ಹೋಯ್ತು ಅಂದರೆ ಅವನಿಗೇನು ಖುಷಿ?

ಆದರೆ ಕ್ಯಾಮೆರಾ ವ್ಯಾಪಾರದ ಚರಿತ್ರೆ ಪೂರ್ತಿ ಹೀಗೇ ಇದೆ. 1888ರಲ್ಲಿ ಕೊಡಾಕ್ ಕಂಪನಿ ಗಿರಾಕಿಯ ತಲೆಯಿಂದ ಡಾರ್ಕ್ ರೂಮ್ ತೆಗೆದುಹಾಕಿತು: ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ ಅಂತ. 1900ರಲ್ಲಿ ಬಂದ ಬ್ರೌನಿ ಒಂದೇ ಡಾಲರಿಗೆ ಸಿಕ್ಕಿತು. ನಮ್ಮಲ್ಲಿ ಆ ಜಾಗ ತುಂಬಿದ್ದು ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ ಥ್ರೀ. ಫೋಕಸ್ ಮಾಡೋ ಕೆಲಸ ಇಲ್ಲ. ಬಿಸಿಲಾ, ಮೋಡಾ ಅಂತ ನೋಡಿ ಕಡ್ಡಿ ಸರಿಸಿದರೆ ಮುಗೀತು. ಒಂದು ರೋಲ್‌ಗೆ 12 ಚಿತ್ರ. ಅದೇ ಕಂಪನಿಯ ಐಸೋಲಿ ಕೊಂಡರೆ ಅದೇ ರೋಲ್‌ನಲ್ಲಿ 16. ಮೇಲಿನ ಮೆಟ್ಟಿಲಿಗೆ ಗಿರಾಕಿಯನ್ನ ಹತ್ತಿಸೋ ಉಪಾಯ ಆಗಲೇ ಇತ್ತು ಅಂತಾಯ್ತು. ಲೆಕ್ಕವೂ ಎಷ್ಟು ಸರಳ, ನಾಲ್ಕು ಫೋಟೋ ಜಾಸ್ತಿ!

ಇಂಥ ಮೆಟ್ಟಿಲು ಹತ್ತೋ ಗಿರಾಕಿ ಹುಟ್ಟೋದು ತಿಂಗಳಾ ತಿಂಗಳಾ ಸಂಬಳ ಬರೋ ಊರಲ್ಲಿ. ಭದ್ರಾವತಿ ಅಂಥದ್ದೇ ಊರು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕೊಡೋಕೆ ಶುರು ಮಾಡ್ತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕ್ವಾರ್ಟರ್ಸ್, ಕ್ಲಬ್ಬು, ವರ್ಷಕ್ಕೊಮ್ಮೆ ಬೋನಸ್. ಅಡಿಕೆ ಬೆಳೆಗಾರನ ದುಡ್ಡು ಕೊಯ್ಲಿನ ಮೇಲೆ ನಿಂತಿರತ್ತೆ. ಕಾರ್ಖಾನೆಯವರ ದುಡ್ಡು ಕ್ಯಾಲೆಂಡರ್ ಮೇಲೆ. ರೇಡಿಯೋ, ಸ್ಕೂಟರ್, ಆಮೇಲೆ ಕ್ಯಾಮೆರಾ ಅಂತ ಯೋಚಿಸೋಕೆ ಆ ಕ್ಯಾಲೆಂಡರ್ ಬೇಕಿತ್ತು. ಎಂಬತ್ತರ ದಶಕದ ಹಾಟ್ ಶಾಟ್, ಯಾಶಿಕಾ, ಆಮೇಲಿನ ಕೊಡಾಕ್ ಕೆಬಿ 10, ಎಲ್ಲ ಗುರಿ ಇಟ್ಟಿದ್ದು ಇಂಥ ಮನೆಗಳಿಗೇ. ಎಸ್‌ಎಲ್‌ಆರ್ ಮಾತ್ರ ಸ್ಟುಡಿಯೋದವರ ಕುತ್ತಿಗೆಯಲ್ಲೇ ಉಳೀತು ಬಿಡಿ.

ಈಗ ಆ ಕನ್ನಡಿಗೆ ಬರೋಣ. ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರತ್ತೆ. ಬೆಳಕನ್ನ ಮೇಲಕ್ಕೆ ಕಳಿಸಿ ನಮ್ಮ ಕಣ್ಣಿಗೆ ತೋರಿಸತ್ತೆ. ಗುಂಡಿ ಒತ್ತಿದಾಗ ಎದ್ದು ದಾರಿ ಬಿಡತ್ತೆ. ಆ ಕುಣಿತಕ್ಕೆ ಜಾಗ ಬೇಕಲ್ಲ, ಅದಕ್ಕೇ ನಿಕಾನ್ ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರೋ ಜಾಗಕ್ಕೂ ಫಿಲ್ಮಿಗೂ 46.5 ಮಿ.ಮೀ. ಅಂತರ. ಕನ್ನಡಿ ತೆಗೆದ ಸೋನಿ ಕ್ಯಾಮೆರಾದಲ್ಲಿ ಸೆನ್ಸರ್‌ಗೆ ಬರೀ 18 ಮಿ.ಮೀ.

2008ರಲ್ಲಿ ಪ್ಯಾನಸಾನಿಕ್ ಜಿ1 ಬಂದಾಗ ಕೆಂಪು, ನೀಲಿ ಬಣ್ಣದಲ್ಲೂ ಸಿಗ್ತಿತ್ತು. ಜಪಾನಿನಲ್ಲಿ ಅದರ ಜಾಹೀರಾತು ನೇರವಾಗಿ ಹೆಂಗಸರನ್ನ ಮಾತಾಡಿಸ್ತು. ಭಾರದ ಕ್ಯಾಮೆರಾ ಬೇಡ ಅಂದವರೇ ಇವರ ಗಿರಾಕಿ. 2011ರಲ್ಲಿ ನಿಕಾನ್ 1 ಅನ್ನೋದು ಬಂತು, ಕಿಸೆ ಕ್ಯಾಮೆರಾದಿಂದ ಮೇಲೇರೋರಿಗೆ ಅಂತ. ಸೆನ್ಸರ್ ಮಾತ್ರ ಮಾಮೂಲಿ ಡಿಎಸ್‌ಎಲ್‌ಆರ್ ಸೆನ್ಸರಿನ ಮೂರನೇ ಒಂದು ಭಾಗದಷ್ಟು. ನನ್ನ ಪ್ರಕಾರ ಅದು ಮೆಟ್ಟಿಲೇ ಅಲ್ಲ, ಹೊಸ್ತಿಲು. 2018ಕ್ಕೆ ನಿಂತೇ ಹೋಯ್ತು.

ಅಷ್ಟರಲ್ಲಿ ಫೋನು ಕೆಳಗಿನ ಮೆಟ್ಟಿಲನ್ನೇ ನುಂಗಿತ್ತು. 2010ರಲ್ಲಿ ಜಪಾನಿ ಕಂಪನಿಗಳು ಕಳಿಸಿದ ಡಿಜಿಟಲ್ ಕ್ಯಾಮೆರಾ 12 ಕೋಟಿ; 2023ರಲ್ಲಿ 80 ಲಕ್ಷವೂ ಇಲ್ಲ. ಹಾಗಾಗಿ ಈಗ ಮೇಲೇರೋ ಗಿರಾಕಿ ಅಂದರೆ ಫೋನಿನವನು. ಅವನಿಗೆ ಮಿರರ್‌ಲೆಸ್ ಒಗ್ಗತ್ತೆ, ಯಾಕಂದ್ರೆ ಫೋನಿನ ಹಾಗೇ ತೆಗೆಯೋ ಮೊದಲೇ ಚಿತ್ರ ಹೇಗೆ ಬರತ್ತೆ ಅಂತ ಪರದೆ ಮೇಲೆ ತೋರಿಸತ್ತೆ. ಅಂಗಡಿಯಲ್ಲಿ ಇದನ್ನ ಹೇಳಿದರೆ ಸಾಕು, ಕನ್ನಡಿ ಸುದ್ದಿಯೇ ಬೇಡ.

ಅಂಗಡಿಯಲ್ಲಿ ಹೇಳದೇ ಬಿಡೋದು ಕಿಟ್ ಲೆನ್ಸ್ ವಿಚಾರ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ತವೆ. ತೇಜಸ್ವಿಯವರ ಹಕ್ಕಿ ಫೋಟೋ ನೋಡಿ ಬೆಳೆದ ಮಲೆನಾಡಿನವರಿಗೆ ಹೊಸ ಕ್ಯಾಮೆರಾ ಬಂದ ಕೂಡಲೇ ಅಲ್ಲಿಗೇ ಹೋಗೋ ಆಸೆ. ಆದರೆ 16-50 ಕಿಟ್ ಲೆನ್ಸ್ ಎಷ್ಟು ಎಳೆದರೂ ಸಿಗೋ ನೋಟ 75 ಮಿ.ಮೀ. ಲೆನ್ಸಿನದು. ಮೂರು ಪಟ್ಟು ಜೂಮ್ ಇರೋ ಫೋನಿನದೂ ಹತ್ತಿರ ಹತ್ತಿರ ಅಷ್ಟೇ. ಗೂಡು ಚುಕ್ಕೆಯಾಗೇ ಉಳಿಯತ್ತೆ. ಮೋಡ ಕವಿದ ಸಂಜೆ ಇನ್ನೂ ಕಷ್ಟ: ಆ ಲೆನ್ಸ್ ಪೂರ್ತಿ ಎಳೆದಾಗ ಎಫ್/5.6, ಫೋನಿನ ಮುಖ್ಯ ಲೆನ್ಸ್ ಎಫ್/1.8ರ ಆಸುಪಾಸು. ಸೆನ್ಸರಿನ ಒಂದೊಂದು ಚುಕ್ಕಿ ಜಾಗಕ್ಕೆ ಬೀಳೋ ಬೆಳಕು ಹತ್ತರಲ್ಲಿ ಒಂದು ಪಾಲು. ದೊಡ್ಡ ಸೆನ್ಸರ್ ಗಳಿಸಿಕೊಟ್ಟಿದ್ದನ್ನ ಲೆನ್ಸೇ ತಿಂದುಬಿಡತ್ತೆ. ಕಲ್ಯಾಣಮಂಟಪದಲ್ಲೂ ಇದೇ ಕತೆ. ಅದಕ್ಕೇ ಬಾಡಿ ಹಳೇದಾದರೂ ಸರಿ, 50 ಮಿ.ಮೀ. ಎಫ್/1.8 ಲೆನ್ಸ್ ಒಂದು ಮೊದಲು ತಗೊಳ್ಳಿ ಅಂತ ಕೇಳಿದವರಿಗೆಲ್ಲ ಹೇಳ್ತೀನಿ.

ಇದು ಹವ್ಯಾಸದ ಮಾತಷ್ಟೇ ಆಗಿದ್ದರೆ ಇಷ್ಟು ಎಳೀತಿರಲಿಲ್ಲ. ಭದ್ರಾವತಿಯ ಕ್ಯಾಲೆಂಡರ್ ಹರಿದುಹೋಗಿದೆ. ಕಾಗದದ ಕಾರ್ಖಾನೆ ಸುಮಾರು 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆ ಮುಚ್ಚೋ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅಪ್ಪ ಬೋನಸ್ಸಿನಲ್ಲಿ ಕ್ಯಾಮೆರಾ ಕೊಳ್ತಿದ್ದ ಊರಲ್ಲಿ ಮಗ ಇಎಂಐ ಮೇಲೆ ಕೊಳ್ತಾನೆ, ಮದುವೆಗೆ, ರೀಲ್ಸಿಗೆ. ಅವನಿಗದು ದುಡಿಮೆ.

ಇಂಥವನಿಗೇ ಹೊಡೆತ ಬಿದ್ದಿದ್ದು. ಕ್ಯಾನನ್ 2012ರಲ್ಲಿ ಇಒಎಸ್ ಎಂ ಸಾಲು ಶುರು ಮಾಡ್ತು. 2018ರ ಎಂ50 ಇದೇ ಮೇಲೇರೋ ಗಿರಾಕಿಗೆ ಚೆನ್ನಾಗಿ ಹಿಡಿಸ್ತು. ಅದೇ ವರ್ಷ ಕಂಪನಿ ಇಒಎಸ್ ಆರ್ ಅಂತ ಬೇರೆ ಸಾಲನ್ನೂ ತಂತು. ಎಂ ಸಾಲಿಗಂತಲೇ ಮಾಡಿದ ಲೆನ್ಸುಗಳು ಆರ್‌ಗೆ ಕೂರಲ್ಲ, ಅಡಾಪ್ಟರ್ ಹಾಕಿದರೂ ಇಲ್ಲ. ಕಡೆಗೆ ಎಂ ಸಾಲನ್ನೇ ನಿಲ್ಲಿಸಿದರು. ಡಿಎಸ್‌ಎಲ್‌ಆರ್ ಕಾಲದ ಹಳೇ ಇಎಫ್ ಲೆನ್ಸ್ ಇಟ್ಟುಕೊಂಡವರು ಅಡಾಪ್ಟರ್ ಹಾಕಿಕೊಂಡು ಇವತ್ತಿಗೂ ಆರ್ ಬಾಡಿಯಲ್ಲಿ ಮದುವೆ ತೆಗೀತಿದಾರೆ.