ಭೋಗ್ಯದ ಮನೆ: ಬೆಂಗಳೂರಿನ ಬಾಡಿಗೆ ವಸತಿಗೆ ಬಂಡವಾಳ ಒದಗಿದ ಬಗೆ

ಬೆಂಗಳೂರಿನ ಹಳೆಯ ಬಡಾವಣೆಗಳ ಚರಿತ್ರೆಯನ್ನು ಪ್ಲೇಗಿನಿಂದ ಆರಂಭಿಸುವುದು ವಾಡಿಕೆ. 1898ರ ಆ ಪಿಡುಗು ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬರಿದುಮಾಡಿ ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ ಇಂಬುಕೊಟ್ಟಿತೆಂಬುದು ನಿಜ. ಆದರೆ ಜನರು ಊರು ಬಿಟ್ಟು ಬಯಲಿಗೆ ಬಂದ ಮಾತ್ರಕ್ಕೆ ಮನೆಗಳು ಏಳುವುದಿಲ್ಲ. ಇಟ್ಟಿಗೆ, ಗಾರೆ, ಮರಮುಟ್ಟುಗಳಿಗೆ ಹಣ ಬೇಕು. ಆ ಹಣ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ನಗರ ಚರಿತ್ರೆಕಾರರು ಕೊಟ್ಟಿರುವ ಗಮನ ಅಲ್ಪವೇ ಸರಿ.

ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1905ರಲ್ಲಿ. ಮೈಸೂರು ಬ್ಯಾಂಕು ಹುಟ್ಟಿದ್ದು 1913ರಲ್ಲಿ. ಮನೆಗೆಂದೇ ದೀರ್ಘಾವಧಿ ಸಾಲ ಕೊಡುವ ಎಚ್.ಡಿ.ಎಫ್.ಸಿ. ಸ್ಥಾಪನೆಯಾದದ್ದು 1977ರಷ್ಟು ಈಚೆಗೆ. ಈ ನಡುವಿನ ದಶಕಗಳಲ್ಲಿ ಸಾಧಾರಣ ಗೃಹಸ್ಥನು ತನ್ನ ಉಳಿತಾಯ, ಮನೆಯವರ ಒಡವೆ, ಲೇವಾದೇವಿಯವರ ಸಾಲ, ಇವುಗಳ ಜೊತೆಗೆ ಇನ್ನೊಂದು ಮೂಲವನ್ನೂ ನೆಚ್ಚಿಕೊಂಡನು. ಅದು ಬಾಡಿಗೆದಾರನದೇ ಹಣ.

ಇದಕ್ಕೆ ಭೋಗ್ಯವೆಂದು ಹೆಸರು. ಒಕ್ಕಲು ಬರುವವನು ದೊಡ್ಡ ಮೊತ್ತವೊಂದನ್ನು ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಅಷ್ಟೂ ಹಣವನ್ನು ಹಿಂಪಡೆಯುತ್ತಾನೆ. ಬಡ್ಡಿಗೂ ಬಾಡಿಗೆಗೂ ವಜಾ. ಕಲ್ಪನೆ ಬಹು ಪ್ರಾಚೀನವಾದುದು. ಯಾಜ್ಞವಲ್ಕ್ಯ ಸ್ಮೃತಿ ಒತ್ತೆಯನ್ನು ವಿವೇಚಿಸುವಾಗ, ಕಾಪಾಡಿಕೊಳ್ಳಬೇಕಾದ ಗೋಪ್ಯವನ್ನೂ ಅನುಭವಿಸಬಹುದಾದ ಭೋಗ್ಯವನ್ನೂ ಬೇರ್ಪಡಿಸುತ್ತದೆ. ಫಲವನ್ನು ಅನುಭವಿಸಲು ಕೊಟ್ಟ ಒತ್ತೆ ಎಷ್ಟು ಕಾಲ ಕಳೆದರೂ ಒಡೆಯನ ಕೈತಪ್ಪದೆಂದು ವಿಧಿಸುತ್ತದೆ. ಇದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಹೊಲ ತೋಟಗಳಿಗೆ ಸಲ್ಲುತ್ತಿದ್ದ ಈ ನ್ಯಾಯ ನಗರದ ಎರಡು ಕೋಣೆಯ ಮನೆಗೂ ಸಂದದ್ದು ಸ್ವಾರಸ್ಯಕರ.

ಲೆಕ್ಕ ಸರಳವಾಗಿದೆ. 1 ಲಕ್ಷ ರೂಪಾಯಿಗೆ ಶೇಕಡ 12ರ ಬಡ್ಡಿ ಹಿಡಿದರೆ ತಿಂಗಳ ಬಾಡಿಗೆ 1,000 ರೂಪಾಯಿ ಆಯಿತು. ಬಡ್ಡಿ ಶೇಕಡ 6ಕ್ಕಿಳಿದರೆ ಅದೇ ಮನೆಗೆ 2 ಲಕ್ಷ ಕೇಳಬೇಕಾಗುತ್ತದೆ. ಆದುದರಿಂದ ಭೋಗ್ಯದ ಮೊತ್ತ ಬಾಡಿಗೆಯನ್ನಷ್ಟೇ ಅಲ್ಲದೆ ಬಡ್ಡಿಯ ಏರಿಳಿತವನ್ನೂ ಅನುಸರಿಸಿತು.

ಬಾಡಿಗೆ ನಿಯಂತ್ರಣದ ಕಾನೂನುಗಳೂ ಈ ಪದ್ಧತಿಗೆ ಪರೋಕ್ಷವಾಗಿ ನೆರವಾದಂತೆ ತೋರುತ್ತದೆ. 1961ರ ಕಾಯಿದೆ ನ್ಯಾಯಬದ್ಧ ಬಾಡಿಗೆಯನ್ನು ಗೊತ್ತುಪಡಿಸಲು ಅವಕಾಶ ಕೊಟ್ಟು, ನಿರ್ದಿಷ್ಟ ಕಾರಣಗಳಿಲ್ಲದೆ ಒಕ್ಕಲೆಬ್ಬಿಸುವುದನ್ನು ತಡೆಯಿತು. ಬಾಡಿಗೆಯನ್ನು ಹೆಚ್ಚಿಸಲಾಗದ ಮಾಲೀಕನಿಗೆ ಭೋಗ್ಯ ಆಕರ್ಷಕವಾದುದು ಸಹಜ. 1999ರ ಬಾಡಿಗೆ ಅಧಿನಿಯಮ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಾಗ, ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಅಷ್ಟು ಹೊತ್ತಿಗೆ ಭೋಗ್ಯ 'ಲೀಸು' ಎಂಬ ಹೆಸರಿನಲ್ಲಿ ಬೇರೂರಿಯಾಗಿತ್ತು.

ಹೆಸರಿನ ಈ ಬದಲಾವಣೆ ನಿರಪಾಯಕಾರಿಯಾಗಿರಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಪ್ರಕರಣದಂತೆ ಸ್ವಾಧೀನ ಕೊಟ್ಟು ಮಾಡುವ ಭೋಗ್ಯ ಒಂದು ಬಗೆಯ ಅಡಮಾನ. 100 ರೂಪಾಯಿಗೆ ಕಡಿಮೆಯಿಲ್ಲದ ಅಸಲಿಗೆ ಪತ್ರ ನೋಂದಣಿಯಾಗಬೇಕು. ವ್ಯವಹಾರದಲ್ಲಿ ಮಾತ್ರ ಛಾಪಾ ಕಾಗದದ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ ಮುಗಿಸುವವರೇ ಬಹಳ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಹರಾಜಿಗೆ ಬಂದರೆ, ಭೋಗ್ಯದಾರನ ಕೈಯಲ್ಲಿ ಉಳಿಯುವುದು ಆ ಕಾಗದವೊಂದೇ. ಜೀವಮಾನದ ಉಳಿತಾಯವನ್ನು ಇಟ್ಟವನಿಗೆ ಇದು ಸಣ್ಣ ನಷ್ಟವಲ್ಲ.

ಮಾಲೀಕನ ಪಾಡೂ ಹಗುರವಲ್ಲ. ಮುಂಭಾಗದಲ್ಲಿ ತಾನಿದ್ದು ಹಿಂದೆ ಸಾಲುಮನೆಗಳನ್ನು ಕಟ್ಟಿಸಿದ ವಠಾರದ ಯಜಮಾನನಿಗೆ ಒಂದೇ ನಲ್ಲಿಯ ಜಗಳ, ಸುಣ್ಣಬಣ್ಣ, ಸೋರುವ ಮಾಡುಗಳಿಗೆ ತಿಂಗಳ ಆದಾಯ ಬೇಕು; ಭೋಗ್ಯದ ಮನೆ ಅದನ್ನು ಕೊಡದು. ಪಡೆದ ಹಣ ಗೋಡೆಯಾಗಿಯೋ ಮಗಳ ಮದುವೆಯ ಖರ್ಚಾಗಿಯೋ ಮುಗಿದಿರುತ್ತಿತ್ತು. ಹೀಗಾಗಿ ಹೋಗುವವನಿಗೆ ತೀರಿಸಲು ಬರುವವನ ಹಣವೇ ಬೇಕು. ಹೊಸಬ ಸಿಗುವತನಕ ಹಳಬ ಬಿಡುವಂತಿಲ್ಲ, ಬಿಟ್ಟರೆ ಹಣವಿಲ್ಲ. ಯಜಮಾನ ತೀರಿಕೊಂಡು ಮಕ್ಕಳು ಪಾಲು ಕೇಳಿದಾಗಲೂ ಮೊದಲು ಲೆಕ್ಕಕ್ಕೆ ಬರುವುದು ಈ ಋಣ. ವಠಾರಗಳನ್ನು ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸಬೇಕಾದರೆ, ಒಬ್ಬೊಬ್ಬ ಭೋಗ್ಯದಾರನ ಹಣವನ್ನೂ ಎಣಿಸಿಕೊಟ್ಟ ಬಳಿಕವೇ ಬೀಗದ ಕೈ ಕೈಸೇರಬೇಕು.