ಬಕವಧೆಯೋ ಊರುಭಂಗವೋ: ಸೇಡಿನ ಸಿನಿಮಾ ನಡೆದು ಬಂದ ದಾರಿ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಮುಗಿಸಿದ್ದು ಅಲ್ಲಿಯೇ ಎಂಬುದು ಐತಿಹ್ಯ. ಆ ಕಥೆಯಲ್ಲಿ ಎದುರಾಳಿ ರಾಕ್ಷಸ. ಅವನು ಸತ್ತರೆ ಊರಿಗೆ ನೆಮ್ಮದಿ, ಕೊಂದವನಿಗೆ ಅಳುಕಿಲ್ಲ. ಅದೇ ಭೀಮ ಕುರುಕ್ಷೇತ್ರದ ಕೊನೆಯಲ್ಲಿ ತೊಡೆ ಮುರಿಯುವುದು ದಾಯಾದಿಯದು. ಅಲ್ಲಿ ಗೆದ್ದವನ ಪಾಲಿಗೂ ಉಳಿಯುವುದು ಸ್ಮಶಾನ. ಗದೆ ಒಂದೇ ಆದರೂ ಏಟಿನ ಅರ್ಥ ಬೇರೆ. ಕನ್ನಡದ ಸೇಡಿನ ಕಥೆಗಳು ಈ ಎರಡು ಮಾದರಿಗಳ ನಡುವೆ ತೂಗಾಡುತ್ತಲೇ ಬಂದಿವೆ. ನಿಜಕ್ಕೂ ಬಕನ ಮೇಲೆ ಭೀಮನಿಗೆ ಹಳೆಯ ಹಗೆಯೇನೂ ಇರಲಿಲ್ಲ. ಸೇಡು ಇದ್ದದ್ದು ದುರ್ಯೋಧನನ ಮೇಲೆ. ಇತ್ತೀಚಿನ ಹೊಡೆದಾಟದ ಸಿನಿಮಾ ಮಾಡಿರುವ ಕೆಲಸವೆಂದರೆ ದಾಯಾದಿಯ ಹಗೆಯನ್ನು ರಾಕ್ಷಸ ಸಂಹಾರದ ವೇಷದಲ್ಲಿ ತೋರಿಸಿರುವುದು. ನಾವು ಕಳೆದುಕೊಂಡದ್ದೇನು ಎಂಬುದನ್ನು ಅಳೆಯಲು ಕೊರಿಯಾದ ಸಿನಿಮಾ ಒಂದು ಒಳ್ಳೆಯ ಅಳತೆಗೋಲು.

ಊರುಭಂಗದ ಮಾದರಿ ನಮಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಗದಾಯುದ್ಧ ಬರೆದ. ಹೊಗಳಿಕೆಯೆಲ್ಲ ಭೀಮನಿಗೇ ಸಲ್ಲಬೇಕಿದ್ದ ಕಾವ್ಯ ಅದು. ಆದರೂ ಓದುಗರ ಮನಸ್ಸನ್ನು ಹಿಡಿದಿಟ್ಟವನು ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ, ಹಗೆಯ ಮಗ ಅಭಿಮನ್ಯುವಿನ ಶವಕ್ಕೂ ತಲೆಬಾಗುವ ದುರ್ಯೋಧನ. ಬಿಎಂಶ್ರೀ ಈ ಕಾವ್ಯವನ್ನು ನಾಟಕಕ್ಕೆ ತಂದಾಗ ಅವನ ದುರಂತವೇ ಎದ್ದು ಕಂಡಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳ ಮಟ್ಟಿಗೆ ಇದು ಪಂಡಿತರ ಮಾತೇನಲ್ಲ. ಈ ಸೀಮೆಯಲ್ಲಿ ಜಾತ್ರೆ ಉತ್ಸವಗಳಿಗೆ ಕಟ್ಟುವ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾತ್ರಕ್ಕೆ ಎಂದೂ ಬೇಡಿಕೆ ಕಡಿಮೆಯಾಗಿಲ್ಲ. ಸೋಲುವವನ ಕಂದಗಳಿಗೆ ಒನ್ಸ್‌ಮೋರ್ ಕೂಗುವ ಪ್ರೇಕ್ಷಕನಿಗೆ ಸಂಕೀರ್ಣ ಕಥೆ ಜೀರ್ಣವಾಗದು ಎನ್ನುವುದು ಹೇಗೆ?

ಸಿನಿಮಾ ಈ ಪರಂಪರೆಯನ್ನು ಒಮ್ಮೆ ಸಮರ್ಥವಾಗಿ ಮುಂದುವರಿಸಿತ್ತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ಸಿದ್ದಲಿಂಗಯ್ಯ 1974ರಲ್ಲಿ ಮಾಡಿದ ‘ಭೂತಯ್ಯನ ಮಗ ಅಯ್ಯು’ ಅಪ್ಪಂದಿರ ಕಾಲದ ಹಗೆಯನ್ನು ಮಕ್ಕಳ ತಲೆಗೆ ಕಟ್ಟುತ್ತದೆ, ಆದರೆ ಕೊನೆಗೆ ಅಯ್ಯು ಮತ್ತು ಗುಳ್ಳ ಒಂದಾಗುತ್ತಾರೆ. ಜನ ಅದನ್ನು ಮೆಚ್ಚಿ ಗೆಲ್ಲಿಸಿದರು. 1981ರ ‘ಅಂತ’ದಲ್ಲಿ ದಾರಿ ತಿರುಗಿತು. ಎಚ್.ಕೆ. ಅನಂತರಾವ್ ಅವರ ಕಾದಂಬರಿಯಿಂದ ರಾಜೇಂದ್ರ ಸಿಂಗ್ ಬಾಬು ತೆಗೆದ ಈ ಚಿತ್ರದಲ್ಲಿ ಅಂಬರೀಷ್ ಪಾತ್ರ ಅನುಭವಿಸುವ ಚಿತ್ರಹಿಂಸೆ ಅಂದಿನ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು. ವ್ಯವಸ್ಥೆಯೇ ಬಕನಾದರೆ ಅದನ್ನು ಕೊಲ್ಲುವವನು ಏಕೆ ಅಳುಕಬೇಕು ಎಂಬ ತರ್ಕ ಅಲ್ಲಿಂದ ಬಲವಾಯಿತು. ಗಡಿಯಾಚೆಯ ಗಾಳಿಯೂ ಅದಕ್ಕೆ ಸೇರಿತು. ಗೌರಿಬಿದನೂರಿಗೆ ಹಿಂದೂಪುರ ಕೂಗಳತೆ. ಕನ್ನಡ, ತೆಲುಗು ಎರಡನ್ನೂ ಮನೆಮಾತಿನಂತೆ ಆಡುವ ಈ ಭಾಗಕ್ಕೆ 1999ರ ‘ಸಮರಸಿಂಹಾರೆಡ್ಡಿ’, 2002ರ ‘ಇಂದ್ರ’ದಂಥ ರಾಯಲಸೀಮೆಯ ಫ್ಯಾಕ್ಷನ್ ಚಿತ್ರಗಳು ಪರವೂರಿನವು ಎನಿಸಲೇ ಇಲ್ಲ. ಅವು ಮಚ್ಚಿನ ಜೊತೆಗೆ ವಂಶದ ಮರ್ಯಾದೆಯನ್ನೂ ತಂದವು.

ಇದೇ ಹೊತ್ತಿಗೆ ಕೊರಿಯಾದಲ್ಲಿ ಪಾರ್ಕ್ ಚಾನ್-ವುಕ್ 2002ರಿಂದ 2005ರ ನಡುವೆ ಸೇಡಿನ ಮೂರು ಚಿತ್ರಗಳನ್ನು ಮಾಡಿದರು. ನಡುವಿನದು ‘ಓಲ್ಡ್‌ಬಾಯ್’, 2004ರ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪಡೆದದ್ದು. ಹದಿನೈದು ವರ್ಷ ಕಾರಣವೇ ತಿಳಿಯದೆ ಕೂಡಿಹಾಕಲ್ಪಟ್ಟವನು ಹೊರಬಂದು ಸೇಡಿಗೆ ಹೊರಡುತ್ತಾನೆ. ತಾನು ಪ್ರೀತಿಸಿದವಳು ತನ್ನ ಮಗಳೇ ಎಂದು ಗೊತ್ತಾಗುವಲ್ಲಿ ಅವನ ಬೇಟೆ ನಿಲ್ಲುತ್ತದೆ. 2010ರ ‘ಐ ಸಾ ದ ಡೆವಿಲ್’ನಲ್ಲಿ ಕಿಮ್ ಜೀ-ವೂನ್, ಕೊಲೆಗಾರನನ್ನು ಹಿಡಿದು ಹಿಂಸಿಸಿ ಬಿಟ್ಟು ಮತ್ತೆ ಹಿಡಿಯುವ ನಾಯಕನನ್ನು ಕೊನೆಗೆ ಒಂಟಿಯಾಗಿ ಅಳುತ್ತ ನಡೆಯುವಂತೆ ಮಾಡುತ್ತಾರೆ. ಈ ಚಿತ್ರಗಳಲ್ಲಿ ರಕ್ತ ನಮ್ಮಲ್ಲಿಗಿಂತ ಕಡಿಮೆಯೇನಿಲ್ಲ. ವ್ಯತ್ಯಾಸವಿರುವುದು ಏಟಿನ ನಂತರದ ಗಳಿಗೆಯಲ್ಲಿ, ಸೇಡು ತೀರಿಸಿಕೊಂಡವನು ತನ್ನನ್ನು ಗುರುತಿಸಿಕೊಳ್ಳುವಲ್ಲಿ. ಪ್ರೇಮ್ ಅವರ ‘ಜೋಗಿ’ (2005) ಆ ಗಳಿಗೆಗೆ ತುಂಬ ಹತ್ತಿರ ಬಂದಿತ್ತು: ಮಚ್ಚು ಹಿಡಿದ ಮಗ ತನ್ನ ತಾಯಿಯ ಹೆಣವೆಂದು ಅರಿಯದೆ ಅದರ ಮುಂದೆ ಕುಣಿಯುತ್ತಾನೆ. ಕೊರಿಯಾದವನು ಮಗಳನ್ನು ಗುರುತಿಸಲಿಲ್ಲ, ನಮ್ಮವನು ತಾಯಿಯನ್ನು.

ಪ್ರಶಾಂತ್ ನೀಲ್ ಅವರ ‘ಉಗ್ರಂ’ (2014), ಬಳಿಕ ಕೋಲಾರದ ಗಣಿಯನ್ನೇ ಹಿನ್ನೆಲೆಯಾಗಿಸಿಕೊಂಡ ‘ಕೆಜಿಎಫ್’ (2018) ತಾಂತ್ರಿಕವಾಗಿ ಬಹುದೂರ ಸಾಗಿದವು. ಆದರೆ ಅವುಗಳ ಶತ್ರು ಮತ್ತೆ ಬಕನೇ. ಇದಕ್ಕೆ ಬರುವ ಒಂದು ಆಕ್ಷೇಪ, ಮನರಂಜನೆಯಿಂದ ದುರಂತವನ್ನು ಕೇಳುವುದು ಅನ್ಯಾಯ ಎಂಬುದು. ಆದರೆ ‘ಅಯ್ಯು’, ‘ಜೋಗಿ’ ಎರಡೂ ಗಲ್ಲಾಪೆಟ್ಟಿಗೆಯಲ್ಲಿ ಗೆದ್ದ ಜನಪ್ರಿಯ ಚಿತ್ರಗಳೇ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕಟಕಟೆಯಲ್ಲಿ ನ್ಯಾಯ ಸಿಗದವನಿಗೆ ಪರದೆಯ ಮೇಲಾದರೂ ಸಿಗಲಿ, ಅದನ್ನೂ ಕಸಿಯಬೇಕೆ? ಆ ಹಸಿವು ಸುಳ್ಳಲ್ಲ, ‘ಅಂತ’ ಗೆದ್ದದ್ದೂ ಅದರಿಂದಲೇ. ಆದರೆ ಸೇಡಿಲ್ಲದೆ ಗಾಯಕ್ಕೆ ಬೆಲೆಯಿಲ್ಲ ಎಂಬ ಮಾತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಉತ್ತರವಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಗುಂಡು ಹಾರಿತು. ಅದರ ಬೆನ್ನಿಗೇ ಬಂದದ್ದು ಪಟೇಲ್–ಮಿರ್ಜಾ ಒಪ್ಪಂದ. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸುವ ಹಕ್ಕು ದಕ್ಕಿತು. ಸತ್ತವರ ನೆನಪಿಗೆ ಅಲ್ಲಿ ಸ್ಮಾರಕ ನಿಂತಿದೆ.

ಆ ಊರಿಗೆ ಹೆಸರು ಕೊಟ್ಟವನು ಅಶ್ವತ್ಥ ನೆಟ್ಟನೆಂದು ಜನ ನಂಬುವ ವಿದುರ: ಹಗೆ ಬೇಡವೆಂದು ಮೊದಲೇ ಹೇಳಿದವನು, ಯುದ್ಧ ಮುಗಿದ ಮೇಲೂ ಬದುಕಿದ್ದು ಎಲ್ಲವನ್ನೂ ನೋಡಬೇಕಾಗಿ ಬಂದವನು. ನಮ್ಮ ಸೇಡಿನ ಚಿತ್ರಗಳು ಕೈವಾರದ ಭೀಮನನ್ನು ಸಾಕಷ್ಟು ಕಂಡಿವೆ. ಅವುಗಳ ಕ್ಯಾಮೆರಾ ಇನ್ನೂ ತಲುಪಬೇಕಿರುವುದು ಈ ವಿದುರನ ಕಣ್ಣಿನ ಎತ್ತರಕ್ಕೆ.