ಮಾರಿಕಣಿವೆಯ ದಡದಲ್ಲಿ ಶಿಬಿರ

ಶಿಬಿರವೆಂದರೆ ಹಾಡು, ಬಿರಿಯಾನಿ, ಗುಂಪು ಫೋಟೊ ಅಷ್ಟೇ ಎಂದುಕೊಂಡಿದ್ದೀರಾ? ಸ್ವಲ್ಪ ಇತಿಹಾಸ ಕೇಳಿ.

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು, ಅಂದರೆ ನಮ್ಮ ವಾಣಿವಿಲಾಸ ಸಾಗರ, ಪೂರ್ಣಗೊಂಡದ್ದು 1907ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಬಾಲಕರೊಡನೆ ಡೇರೆ ಹೂಡಿದರು. ಉಳ್ಳವರ ಮಕ್ಕಳೂ ದುಡಿಯುವವರ ಮಕ್ಕಳೂ ಅಲ್ಲಿ ಒಟ್ಟಿಗೇ ಗಂಟು ಹಾಕುವುದನ್ನು, ಜೀವ ಉಳಿಸುವುದನ್ನು ಕಲಿತರು. 1909ರಲ್ಲಿ ಕ್ಯಾಪ್ಟನ್ ಬೇಕರ್ ಬೆಂಗಳೂರಿನಲ್ಲಿ ದೇಶದ ಮೊದಲ ಸ್ಕೌಟ್ ದಳ ಕಟ್ಟಿದರು. ಆದರೆ ಆಗ ಭಾರತೀಯ ಮಕ್ಕಳಿಗೆ ಅದರಲ್ಲಿ ಪ್ರವೇಶವಿರಲಿಲ್ಲ! ಎಲ್ಲರದೂ ಆದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿದ್ದು 1950ರಲ್ಲಿ.

ಈಗ ನಮ್ಮ ದಡಕ್ಕೆ ಬನ್ನಿ. ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆದ್ದರಿಂದ "ಅಲ್ಲಿ ನೀರೆಲ್ಲಿದೆ?" ಎನ್ನುವ ಹಿರಿಯರ ಹಳೆಯ ಮಾತನ್ನು ನಂಬಬೇಡಿ. ನಾನು ನಂಬಿದ್ದೆ. ನಮ್ಮ ತಂಡದ ಬಾಲಕನೊಬ್ಬ ಚೆಂಡಿನ ಹಿಂದೆ ಓಡಿ ಎದೆಮಟ್ಟ ನೀರಿಗಿಳಿದುಬಿಟ್ಟ. ಶಿಕ್ಷಕರಲ್ಲಿ ಈಜು ಬಲ್ಲವರು ಒಬ್ಬರೂ ಇರಲಿಲ್ಲ, ತಪ್ಪು ನನ್ನದೇ. ಏಳನೇ ತರಗತಿಯ ಹುಡುಗಿಯೊಬ್ಬಳು ಎರಡು ದುಪಟ್ಟಾಗಳನ್ನು ಗಟ್ಟಿ ಗಂಟು ಹಾಕಿ ಎಸೆದಳು. ಅವನು ಹಿಡಿದುಕೊಂಡ, ಎಲ್ಲರೂ ಸೇರಿ ಎಳೆದೆವು.

ಅಂದಿನಿಂದ ನಮ್ಮ ಸಾಮಾನಿನ ಪಟ್ಟಿಯಲ್ಲಿ ಮೊದಲು ಹಗ್ಗ ಮತ್ತು ಶಿಳ್ಳೆ. ಅಕ್ಕಿ, ಬೇಳೆ ಆಮೇಲೆ. ತಲೆ ಎಣಿಕೆಯೂ ಬಸ್ಸಿನಲ್ಲಲ್ಲ, ದಡದಲ್ಲೇ.